ವಿಚಾರಣೆಯಕ್ಕ ಬೆಟ್ಟ ಹತ್ತಿದ್ದು

ಕಣಿವೆಯ ಬಸ್ ನಿಲ್ದಾಣದಲ್ಲಿ, ಶೌಚಾಲಯಕ್ಕೂ ಹಣ್ಣಿನ ಅಂಗಡಿಗೂ ನಡುವೆ, ಒಂದು ಮರದ ಗೂಡು ಇದೆ. ಅದರ ಹಣೆಯ ಮೇಲೆ ‘ವಿಚಾರಣೆ’ ಎಂದು ಬರೆದಿದೆ. ಒಳಗೆ ಕೂರುವ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಆ ಬೋರ್ಡಿನ ಕೆಳಗೆ ಬೇಸಿಗೆಯ ಮೇಲೆ ಬೇಸಿಗೆ ಕೂತು ಕೂತು ಅವಳು ಊರಿಗೆಲ್ಲ ವಿಚಾರಣೆಯಕ್ಕ ಆಗಿಬಿಟ್ಟಿದ್ದಳು. ಹಾಲಿನವನು ಕೂಡ ಬಾಗಿಲಲ್ಲಿ ನಿಂತು “ವಿಚಾರಣೆಯಕ್ಕಾ, ಪಾತ್ರೆ” ಎನ್ನುತ್ತಿದ್ದ. ಹಳೆಯ ಹೆಸರು ಹಿಡಿದು ಕರೆಯುವವನು ಗಂಡನೊಬ್ಬನೇ, ಅದೂ ಕೋಪ ಬಂದಾಗ ಮಾತ್ರ. ಹಾಗಾಗಿ ಆ ಹೆಸರು ಕಿವಿಗೆ ಬಿದ್ದರೆ ಸಾಕು, ಇವತ್ತೇನು ಕೆಡಿಸಿದೆನೋ ಎಂದು ಅವಳು ಮೊದಲು ಒಲೆಯ ಕಡೆ ನೋಡುತ್ತಿದ್ದಳು.

ಬೇಸಿಗೆ ಬಂತೆಂದರೆ ಬಯಲಿನ ಊರುಗಳ ಜನ ಸೆಖೆ ತಾಳಲಾರದೆ ಕಣಿವೆಗೆ ಏರಿ ಬರುತ್ತಾರೆ. ಬಸ್ಸಿನಿಂದ ಇಳಿದವರು ಮೊದಲು ಹುಡುಕುವುದು ಶೌಚಾಲಯವನ್ನು, ಆಮೇಲೆ ವಿಚಾರಣೆಯಕ್ಕನನ್ನು.

“ಇಲ್ಲಿ ನೋಡೋಕೆ ಏನೇನಿದೆ?” ಎಂದು ಕೇಳುತ್ತಾರೆ, ಏನೂ ಇರಲಾರದು ಎಂಬ ಅನುಮಾನದ ದನಿಯಲ್ಲಿ.

ವಿಚಾರಣೆಯಕ್ಕ ಮೊದಲು ಅವರ ಕಾಲು ನೋಡುತ್ತಿದ್ದಳು. ತೆಳ್ಳನೆಯ ಚಪ್ಪಲಿಯವರಿಗೆ ಹೊಳೆದಂಡೆಯ ಹಳೇ ಗಿರಣಿ, ಶನಿವಾರ ಸಂಜೆ ಸೇತುವೆಯ ಬಳಿ ಬ್ಯಾಂಡು, ಕೈಯಾರೆ ಕಿತ್ತು ತಿನ್ನಬಹುದಾದ ಹಣ್ಣಿನ ತೋಟ. ಗಟ್ಟಿ ಬೂಟಿನವರಿಗೆ ತಣ್ಣಗೆ ಉಸಿರು ಬಿಡುವ ಗುಹೆ, ಮೇಲಿನ ಹುಲ್ಲುಗಾವಲಿನಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಪಂದ್ಯ. ಹೊಸದಾಗಿ ಮದುವೆಯಾದವರು ಕಾಲಿಗೆ ಏನು ಹಾಕಿಕೊಂಡಿದ್ದರೂ ಸರಿ, ಅವರನ್ನು ಬೆಟ್ಟದ ನೆತ್ತಿಯ ಸರೋವರಕ್ಕೇ ಕಳಿಸುತ್ತಿದ್ದಳು.

“ಏರು ಮುಗೀತು ಅನ್ನೋವಾಗ ಒಂದು ತಿರುವು ಬರುತ್ತೆ ನೋಡಿ. ಅಲ್ಲಿ ಮಾತು ನಿಲ್ಲಿಸಿಬಿಡಿ. ತಿರುಗಿದ ಕೂಡಲೇ ನೀಲಿ. ಕೆಳಗೂ ನೀಲಿ, ಮೇಲೂ ನೀಲಿ. ಸುತ್ತ ಹೂವೇ ಹೂವು. ಯಾವುದು ನೀರು, ಯಾವುದು ಆಕಾಶ ಅಂತ ನಿಮಗೇ ತಿಳಿಯಲ್ಲ.”

ಹೇಳುವಾಗ ಅವಳ ಮೈಯೇ ಜುಮ್ಮೆನ್ನುತ್ತಿತ್ತು. ಎರಡು ದಿನಕ್ಕೆಂದು ಬಂದವರು ಅವಳ ಮಾತು ಕೇಳಿ ನಾಲ್ಕು ದಿನ ಉಳಿಯುತ್ತಿದ್ದರು. ಒಂದೇ ಒಂದು ತೊಡಕು. ಗಿರಣಿ, ಸೇತುವೆ, ತೋಟ ಬಿಟ್ಟರೆ ಇದರಲ್ಲಿ ಯಾವುದನ್ನೂ ಅವಳು ಕಂಡಿರಲಿಲ್ಲ.

ಅವಳಿಗೆ ಎತ್ತರ ಆಗಿಬರುತ್ತಿರಲಿಲ್ಲ. ಬೆಟ್ಟಗಳ ಮಡಿಲಲ್ಲಿ ಹುಟ್ಟಿದವಳು ಮಂಚದ ಮೇಲೆ ನಿಂತು ಜೇಡರಬಲೆ ತೆಗೆಯಲಾರಳು. ಮೇಲಿನ ಹಲಗೆಯ ಡಬ್ಬಿಗಳು ಬೇಕಾದಾಗ ಗಂಡ ಬರುವವರೆಗೆ ಕಾಯುತ್ತಿದ್ದಳು, ಅಥವಾ ಆ ಡಬ್ಬಿಯೊಳಗಿನ ಪದಾರ್ಥ ಬೇಡದ ಅಡುಗೆ ಮಾಡುತ್ತಿದ್ದಳು. ಮದುವೆಯ ಮಾತುಕತೆಯಲ್ಲಿ ಹುಡುಗನ ಬಗ್ಗೆ ಕೇಳಲು ಏನಾದರೂ ಇದೆಯೇ ಎಂದು ಹಿರಿಯರು ಕೇಳಿದಾಗ, ಅವಳು ತಲೆ ತಗ್ಗಿಸಿಕೊಂಡೇ, “ಮನೆ ಮಹಡಿ ಮೇಲಿದೆಯಾ?” ಎಂದಿದ್ದಳು. ಬಡಗಿಯ ಮನೆ, ಮುಂದೆ ಕೆಲಸದ ಕೊಟ್ಟಿಗೆ, ಹಿಂದೆ ಎರಡು ಕೋಣೆ, ಎಲ್ಲ ನೆಲಕ್ಕೇ ಅಂಟಿಕೊಂಡಿತ್ತು. ಒಪ್ಪಿದಳು. ಹುಡುಗ ನೋಡಲು ಲಕ್ಷಣವಾಗಿದ್ದಾನೆ ಎಂಬುದನ್ನು ಮದುವೆಯಾಗಿ ವಾರವಾದ ಮೇಲೆ ಗಮನಿಸಿದಳು.

ಹಾಗಾದರೆ ಕಾಣದ ಜಾಗಗಳ ವರ್ಣನೆ ಎಲ್ಲಿಂದ? ಅದಕ್ಕೆ ಅವಳದೇ ಒಂದು ದಾರಿ ಇತ್ತು. ಬೆಟ್ಟಕ್ಕೆ ಹೋಗುವವರು ಭಾರದ ಚೀಲಗಳನ್ನು ಗೂಡಿನಲ್ಲಿ ಬಿಟ್ಟು ಹೋಗುತ್ತಿದ್ದರು. ಸಂಜೆ ಅವನ್ನು ಒಯ್ಯಲು ಬಂದಾಗ ಅವಳು ಚೀಲದ ಮೇಲೆ ಕೈ ಇಟ್ಟುಕೊಂಡೇ “ಹೇಗಿತ್ತು?” ಎನ್ನುತ್ತಿದ್ದಳು. ಉತ್ತರ ಬಂದ ಮೇಲೇ ಕೈ ತೆಗೆಯುತ್ತಿದ್ದಳು. ಒಬ್ಬರು ತಿರುವಿನ ಬಗ್ಗೆ ಹೇಳಿದರು, ಇನ್ನೊಬ್ಬರು ನೀಲಿ ಅಂದರು, ಮತ್ತೊಬ್ಬರು ಹೂವು ಅಂದರು. ದಣಿದು ಬಂದವರು ಪಟ್ಟ ಕಷ್ಟಕ್ಕೆ ತಕ್ಕಂತೆ ನೋಡಿದ್ದನ್ನು ಹಿಗ್ಗಿಸುತ್ತಾರೆ. ಅವಳು ಅದಕ್ಕೆ ಉಪ್ಪು ಖಾರ ಹಚ್ಚಿ ಮಾರನೆಯ ದಿನದ ಬಸ್ಸಿಗೆ ಬಡಿಸುತ್ತಿದ್ದಳು. ಹೀಗೆ ಸರೋವರ ಬೇಸಿಗೆಯಿಂದ ಬೇಸಿಗೆಗೆ ಅಗಲವಾಗುತ್ತಾ ಹೋಯಿತು.

ಬಂಡೆಯ ಕಥೆ ಹುಟ್ಟಿದ್ದೂ ಹೀಗೆಯೇ. ಒಂದು ಸಂಜೆ ಹೊಸ ಜೋಡಿಯೊಂದು ಮುಖ ಊದಿಸಿಕೊಂಡು ಇಳಿದು ಬಂತು. ಹುಡುಗಿ ಹಣ್ಣಿನ ಅಂಗಡಿಯ ಕಡೆ ತಿರುಗಿ ನಿಂತಳು. ವಿಚಾರಣೆಯಕ್ಕ ಎಂದಿನಂತೆ ಹೇಗಿತ್ತು ಎಂದಳು. ಹುಡುಗ ಹೆಂಡತಿಗೆ ಕೇಳಿಸುವಷ್ಟು ಜೋರಾಗಿ, “ಅಲ್ಲೊಂದು ಬಂಡೆ ಇದೆಯಲ್ಲ, ಅದೂ ಕೂಡ ಮೂರು ಸಲ ಕೂಗಿ ಕರೆದರೆ ಒಂದು ಸಲ ಓಗೊಡುತ್ತೆ. ಕೆಲವರು ಅದೂ ಇಲ್ಲ” ಎಂದ.

ಊರಿನ ಯಾವ ಹೆಂಗಸಾದರೂ ಇದು ಗಂಡ ಹೆಂಡಿರ ಜಗಳದ ಕುಟುಕು ಎಂದು ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ವಿಚಾರಣೆಯಕ್ಕ ನಗಲಿಲ್ಲ. ಮಾಹಿತಿ ಅಂತ ತೆಗೆದುಕೊಂಡಳು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿನವರಿಗೆ, “ಸರೋವರದ ಪಕ್ಕ ಒಂದು ಬಂಡೆ ಇದೆ. ಮೂರು ಸಲ ಕೂಗಬೇಕು. ಅವಸರ ಮಾಡಬಾರದು. ಮೂರನೇದಕ್ಕೆ ಉತ್ತರ ಬರುತ್ತೆ” ಎಂದು ಹೇಳಿಯೂ ಬಿಟ್ಟಳು.

ಹೋದವರು ಬಂದರು. ಚೀಲದ ಮೇಲಿನ ಕೈಯನ್ನು ನೋಡುತ್ತಾ, “ಕೇಳಿಸ್ತು ಕೇಳಿಸ್ತು” ಎಂದರು. ಒಬ್ಬರು ಸಂಜೆ ಹೊತ್ತು ಚೆನ್ನಾಗಿ ಕೇಳುತ್ತೆ ಎಂದರು. ಹೆಂಗಸರ ದನಿಗೆ ಬೇಗ ಓಗೊಡುತ್ತೆ ಎಂದು ಒಬ್ಬಾಕೆ ಹೆಮ್ಮೆಯಿಂದ ಹೇಳಿದಳು. ಕೇಳಿಸದವರು ತಾವೇ ಅವಸರ ಮಾಡಿರಬೇಕೆಂದು ಸುಮ್ಮನಾದರು. ಕೆಲವೇ ವರ್ಷಗಳಲ್ಲಿ ಅದು ಕಣಿವೆಯ ಮುಖ್ಯ ಆಕರ್ಷಣೆಯಾಯಿತು. ಪ್ರವಾಸಿ ಸಮಿತಿಯವರು ‘ಓಗೊಡುವ ಬಂಡೆ’ ಎಂದು ಬೋರ್ಡು ಬರೆಸಿದರು. ಬೋರ್ಡು ಮಾಡಿ, ಮೇಲೆ ಹೊತ್ತೊಯ್ದು ನೆಟ್ಟು ಬಂದವನು ಅವಳ ಗಂಡನೇ. ಸಮಿತಿಯ ಅಧ್ಯಕ್ಷರಾದ ಲಾಡ್ಜಿನ ಯಜಮಾನರು ತಾವೂ ಒಮ್ಮೆ ಹೋಗಿ ಬಂದು, “ನಮ್ಮಪ್ಪನ ದನಿಯಲ್ಲೇ ಉತ್ತರ ಬಂತು ಕಣ್ರೀ” ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಆ ಯಜಮಾನರೇ ಈ ಬೇಸಿಗೆಯ ಹೊಸ್ತಿಲಲ್ಲಿ ಗೂಡಿನ ಮುಂದೆ ಬಂದು ನಿಂತರು.

“ವಿಚಾರಣೆಯಕ್ಕಾ, ಈ ಸಲದ ಕಾರ್ಯಕ್ರಮ ಶುರು ಆಗೋದೇ ಬಂಡೆ ಹತ್ತಿರ. ಕೂಗು ಸ್ಪರ್ಧೆ. ಭಾನುವಾರ. ಮೊದಲನೇ ಕೂಗು ನಿಮ್ಮದೇ.”

“ನಂದು ಯಾಕೆ ಸರ್? ನನ್ನ ಗಂಟಲು ಸರಿ ಇಲ್ಲ.”

“ದಿನವಿಡೀ ಮಾತಾಡೋ ಗಂಟಲಿಗೆ ಏನು ಬಂದಿದೆ? ಬಂಡೆಯನ್ನ ಜಗತ್ತಿಗೆ ತೋರಿಸಿಕೊಟ್ಟಿದ್ದೇ ನೀವು. ನೀವು ಬರಲ್ಲ ಅಂದ್ರೆ ಜನ ಏನಂದುಕೊಳ್ತಾರೆ?” ಯಜಮಾನರು ಗೂಡಿನೊಳಗೆ ಕಣ್ಣಾಡಿಸಿದರು. “ಈ ವರ್ಷದ ನೇಮಕದ ಮಾತೂ ಬಾಕಿ ಇದೆ. ನನ್ನ ತಂಗಿ ಮಗಳು ಓದು ಮುಗಿಸಿ ಮನೇಲಿ ಕೂತಿದ್ದಾಳೆ, ಅವಳನ್ನ ಇಲ್ಲಿ ಕೂರಿಸಿ ಅಂತ ತಂಗಿ ನನ್ನ ತಲೆ ತಿನ್ನುತ್ತಾ ಇದ್ದಾಳೆ. ನಾನು ಹೇಳಿದ್ದೀನಿ, ವಿಚಾರಣೆಯಕ್ಕನಷ್ಟು ಕಣಿವೆ ನೋಡಿದೋರು ಯಾರಿದ್ದಾರೆ ಅಂತ.”

ಗೂಡಿನ ಕೆಲಸ ಬೇಸಿಗೆಯಿಂದ ಬೇಸಿಗೆಗೆ ಸಮಿತಿ ಕೊಡುವಂಥದ್ದು. ಅದು ಹೋದರೆ ಮನೆಯ ಒಲೆ ಆರುವುದಿಲ್ಲ, ಬಡಗಿಗೆ ಕೆಲಸವಿತ್ತು. ಆದರೆ ಆ ಮರದ ಗೂಡಿಲ್ಲದ ತನ್ನನ್ನು ಅವಳು ಕಲ್ಪಿಸಿಕೊಳ್ಳಲಾರಳು. ಮಂಚ ಹತ್ತಲಾರದ ಹೆಂಗಸು ಅಲ್ಲಿ ಕೂತಾಗ ಮಾತ್ರ ಎಲ್ಲರಿಗೂ ದಾರಿ ತೋರಿಸುವವಳು. ಇಳಿದು ಹೊರಗೆ ಬಂದರೆ ಡಬ್ಬಿಗಾಗಿ ಕಾಯುವವಳು.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು.

“ಹೋಗು” ಎಂದ ಅವನು.

“ಹೋಗು ಅಂದ್ರೆ? ನಾನು ಬೆಟ್ಟ ಹತ್ತೋದಾ? ಅರ್ಧ ದಾರೀಲಿ ಮೂರ್ಛೆ ಹೋಗಿ ಬಿದ್ರೆ?”

“ಬಿದ್ರೆ ಹೊತ್ತು ತರ್ತೀನಿ. ಬಾಗಿಲ ಚೌಕಟ್ಟು ಹೊತ್ತೋನಿಗೆ ನೀನೇನು ಮಹಾ ಭಾರ?”

“ಚೌಕಟ್ಟು ಅರಚೋದಿಲ್ಲ.”

“ಅದೂ ನಿಜ” ಎಂದು ಅವನು ಪಲ್ಯ ಬಡಿಸಿಕೊಂಡ.

ಭಾನುವಾರ ಬೆಳಿಗ್ಗೆ ಸಮಿತಿಯ ಜೀಪು ರಸ್ತೆ ಮುಗಿಯುವವರೆಗೆ ಏರಿತು. ಒಂದೊಂದು ತಿರುವಿಗೂ ವಿಚಾರಣೆಯಕ್ಕ ಕಣ್ಣು ಮುಚ್ಚುತ್ತಿದ್ದಳು, ಆ ದಾರಿಯಲ್ಲಿ ತಿರುವಲ್ಲದ್ದು ಏನೂ ಇರಲಿಲ್ಲವಾದ್ದರಿಂದ ಕಣ್ಣು ತೆರೆಯುವ ಪ್ರಶ್ನೆ ಬರಲಿಲ್ಲ. ಜೀಪಿನಿಂದಾಚೆ ಕಾಲುದಾರಿ. ಮುಂದೆ ಬ್ಯಾಂಡಿನವರು, ಹಿಂದೆ ಸಮಿತಿಯವರು, ಅವರ ಹಿಂದೆ ಪ್ರವಾಸಿಗಳು. ಎಲ್ಲರಿಗಿಂತ ಹಿಂದೆ ಗಂಡನ ಅಂಗಿಯ ತುದಿ ಹಿಡಿದು, ಅವನ ಹಿಮ್ಮಡಿ ಬಿಟ್ಟು ಬೇರೇನನ್ನೂ ನೋಡದೆ, ಕಣಿವೆಯನ್ನು ಎಲ್ಲರಿಗಿಂತ ಹೆಚ್ಚು ಕಂಡ ವಿಚಾರಣೆಯಕ್ಕ.

ಬಡಗಿ ಇಳಿಜಾರಿನ ಬದಿಯಲ್ಲಿ ನಡೆಯುತ್ತಿದ್ದ. ತಿರುಗಿ ನೋಡದೆ, “ಒಂದು ಮಾತು ಹೇಳ್ತೀನಿ, ಅಂಗಿ ಬಿಡಬಾರದು” ಎಂದ.

“ಏನು?”

“ಆ ಬಂಡೆ ಓಗೊಡಲ್ಲ.”

ಅವಳು ಅಂಗಿ ಬಿಡಲಿಲ್ಲ. ನಿಂತಳು. ಅಂಗಿ ಎಳೆದು ಅವನೂ ನಿಂತ.

“ಬೋರ್ಡು ನೆಡೋಕೆ ಬಂದಾಗ ಸುತ್ತಿಗೇಲಿ ಮೊಳೆ ಹೊಡೆದೆ. ಒಂದು ಏಟಿಗೆ ಒಂದೇ ಸದ್ದು. ಮೂರು ಸಲ ಅಲ್ಲ, ಮೂವತ್ತು ಸಲ ಹೊಡೆದಿರ್ತೀನಿ. ಆಮೇಲೆ ಬಾಯಿ ಬಿಟ್ಟು ಕೂಗಿಯೂ ನೋಡಿದೆ. ಯಾರೂ ಇರಲಿಲ್ಲ ಅಂತ.”

“ಏನಂತ ಕೂಗಿದ್ರಿ?”

“ನಿನ್ನ ಹೆಸರು.”

“ನನಗೆ ಯಾಕ್ರೀ ಹೇಳಲಿಲ್ಲ?” ಅವಳ ದನಿ ನಡುಗುತ್ತಿತ್ತು, ಅದು ಎತ್ತರಕ್ಕೋ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ. “ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದು, ಈಗ, ಈ ಪ್ರಪಾತದ ಮೇಲೆ ಹೇಳೋದಾ?”

“ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ. ಜನ ಬಾಯಿ ಬಿಟ್ಕೊಂಡು ಕೇಳ್ತಿದ್ರು.” ಅವನು ಕಾಲಿನಿಂದ ಒಂದು ಕಲ್ಲನ್ನು ದಾರಿಯಿಂದ ಸರಿಸಿದ. “ಸುತ್ತಿಗೆಗೆ ಉತ್ತರ ಕೊಡದೆ ಇರೋ ಬಂಡೆ, ಮನುಷ್ಯರಿಗೆ ಕೊಡುತ್ತೇನೋ ಅಂದುಕೊಂಡೆ. ನನ್ನ ದನಿ ಹಿಡಿಸಲಿಲ್ಲವೇನೋ ಅಂತಲೂ ಅನ್ನಿಸ್ತು. ಈಗ ತಲೆಸುತ್ತು ಅಂತ ಹೇಳಿ ವಾಪಸ್ ಹೋಗೋಣ. ಸುಳ್ಳೂ ಅಲ್ಲ.”

ಕೆಳಗೆ ಹೋಗಬೇಕಾದರೆ ಕೆಳಗೆ ನೋಡಬೇಕಿತ್ತು. ಮೇಲೆ ಹೋಗಲು ಹಿಮ್ಮಡಿ ನೋಡಿದರೆ ಸಾಕು. ವಿಚಾರಣೆಯಕ್ಕ ಮುಂದೆ ನಡೆದಳು. ಇದನ್ನು ಧೈರ್ಯ ಎಂದು ಯಾರಾದರೂ ಕರೆದರೆ ಅದು ಅವರ ತಪ್ಪು.

ತಿರುವು ಬಂತು. ಅವಳು ಹೇಳಿಕೊಟ್ಟಂತೆ ಪ್ರವಾಸಿಗಳೆಲ್ಲ ಮಾತು ನಿಲ್ಲಿಸಿದರು. ಅವಳು ಗಂಡನ ಬೆನ್ನ ಹಿಂದಿನಿಂದ ಇಣುಕಿದಳು.

ಸರೋವರ ಎನ್ನುವುದು ತುಂಬಾ ದೊಡ್ಡ ಮಾತು. ಅದೊಂದು ಕೊಳ. ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಒಂದು ಸುತ್ತು ಬರಬಹುದು. ನೀಲಿಯೂ ಅಲ್ಲ, ಬೂದಿ ಮಿಶ್ರಿತ ಹಸಿರು. ಸುತ್ತ ಹೂವೇ ಹೂವು ಇರಲಿಲ್ಲ, ಒಂದು ಬದಿಯಲ್ಲಿ ಮಾತ್ರ ಹಳದಿ ಚುಕ್ಕಿಗಳು ಗುಂಪುಗೂಡಿ, ಗಾಳಿ ಬಂದಾಗ ಒಟ್ಟಿಗೆ ತಲೆಬಾಗಿ ಒಟ್ಟಿಗೆ ಏಳುತ್ತಿದ್ದವು. ನೀರಿನ ಅಂಚಿನಲ್ಲಿ ಒದ್ದೆ ಕಲ್ಲಿನ ವಾಸನೆ. ಇಷ್ಟೇನಾ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ. ಈ ಹಳದಿಯನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಅಥವಾ ಯಾರೋ ಹೇಳಿದ್ದರು, ನೀಲಿ ಚೆನ್ನಾಗಿ ಕೇಳಿಸುತ್ತದೆಂದು ಅವಳೇ ಬದಲಾಯಿಸಿದ್ದಳು.

ಬಂಡೆ, ಬೋರ್ಡು, ಬೋರ್ಡಿನ ಮುಂದೆ ಚಪ್ಪಾಳೆ. ಯಜಮಾನರು ಅವಳನ್ನು ಮುಂದಕ್ಕೆ ಕರೆದು ನಿಲ್ಲಿಸಿದರು. ಅವರ ತಂಗಿಯ ಮಗಳು, ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದ ಹುಡುಗಿ, ಪಕ್ಕದಲ್ಲೇ ನಿಂತು ವಿಚಾರಣೆಯಕ್ಕನ ಮುಖವನ್ನೇ ನೋಡುತ್ತಿದ್ದಳು.

“ಓ...” ಎಂದು ವಿಚಾರಣೆಯಕ್ಕ ಕೂಗಿದಳು. ಬಾಗಿಲಲ್ಲಿ ಹಾಲಿನವನನ್ನು ಕರೆಯುವ ಕೂಗು ಅದು, ಅವಳಿಗೆ ಬೇರೆ ಕೂಗು ಬರುತ್ತಿರಲಿಲ್ಲ. ಎರಡನೆಯ ಸಲ ದನಿ ಸ್ವಲ್ಪ ಬಿಟ್ಟುಕೊಂಡಿತು. ಮೂರನೆಯ ಸಲ ಎಷ್ಟು ಜೋರಾಗಿ ಕೂಗಿದಳೆಂದರೆ ಬ್ಯಾಂಡಿನವನೊಬ್ಬನ ಕೈಯಿಂದ ತಾಳ ಜಾರಿತು.

ಆಮೇಲೆ ಎಲ್ಲರೂ ಕಿವಿ ನಿಮಿರಿಸಿ ನಿಂತರು.

ಅಷ್ಟೊಂದು ಜನ, ಬ್ಯಾಂಡು, ಸಮಿತಿ, ಒಬ್ಬರ ಬಾಯಿಂದಲೂ ಮಾತಿಲ್ಲ. ಹುಲ್ಲಿನೊಳಗೆ ಗಾಳಿ ಹರಿಯುವ ಸದ್ದು ಕೇಳಿತು. ಎಲ್ಲೋ ಕಲ್ಲಿನಡಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ದೂರದ ಕುರಿಗಳ ಗಂಟೆ ಒಂದು ಸಲ ಕೇಳಿ ಮತ್ತೆ ಕೇಳಿಸಲಿಲ್ಲ. ಇಷ್ಟು ವರ್ಷಗಳಲ್ಲಿ ಚೀಲ ಒಯ್ಯಲು ಬಂದ ಯಾರೂ ಇದನ್ನು ಅವಳಿಗೆ ಹೇಳಿರಲಿಲ್ಲ. ಹೇಗೆ ಹೇಳಿಯಾರು? ಅವಳು ಅವರನ್ನೆಲ್ಲ ಕೂಗಲು ಕಳಿಸಿದ್ದಳು.

“ಕೇಳಿಸ್ತು” ಎಂದರು ಯಜಮಾನರು. “ಸ್ಪಷ್ಟವಾಗಿ.”

“ಹೌದು ಹೌದು” ಎಂದು ಹಿಂದಿನವರು ತಲೆ ಆಡಿಸಿದರು. ಚಪ್ಪಾಳೆಗೆ ಕೈಗಳು ಎದ್ದವು. ಅವಳು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗೂಡು ಅವಳದು, ಈ ಬೇಸಿಗೆ ಅವಳದು, ಬಹುಶಃ ಮುಂದಿನದೂ.

“ನನಗೆ ಕೇಳಿಸಲಿಲ್ಲ” ಎಂದಳು ವಿಚಾರಣೆಯಕ್ಕ.

“ನೀವು ಕೂಗಿದೋರು. ಕೂಗಿದೋರಿಗೆ ಕಿವಿ ಗುಂಯ್ ಅಂತಿರುತ್ತೆ” ಎಂದು ಯಜಮಾನರು ನಕ್ಕರು.

“ಅದಲ್ಲ ಸರ್. ಉತ್ತರ ಬರಲಿಲ್ಲ. ಬರೋದೂ ಇಲ್ಲ. ನಾನು ಇಲ್ಲಿಗೆ ಬಂದಿರೋದೇ ಇವತ್ತು. ನನಗೆ ಎತ್ತರ ಅಂದ್ರೆ ತಲೆಸುತ್ತು. ಯಾರೋ ಗಂಡ ಹೆಂಡತಿ ಜಗಳದಲ್ಲಿ ಆಡಿದ ಮಾತನ್ನ ನಾನು ನಿಮಗೆಲ್ಲ ಹಂಚಿಬಿಟ್ಟೆ.”

ಮೊದಲು ಎಲ್ಲರೂ ನಕ್ಕರು, ಇದೂ ಕಾರ್ಯಕ್ರಮದ ಭಾಗವೆಂದು. ಪ್ರವಾಸಿ ಹೆಂಗಸೊಬ್ಬಳು, “ಪಾಪ, ಕಿವಿ ಡಾಕ್ಟರಿಗೆ ತೋರಿಸಿ ಅಮ್ಮ, ನಮಗೆಲ್ಲ ಕೇಳಿಸಿದೆ” ಎಂದು ಸಮಾಧಾನವನ್ನೂ ಹೇಳಿದಳು. ತಾನು ಸುಳ್ಳು ಹೇಳಿದಾಗ ಇಡೀ ಕಣಿವೆ ನಂಬಿತ್ತು, ನಿಜ ಹೇಳಿದರೆ ಕಿವಿ ಕೆಟ್ಟಿದೆ ಎನ್ನುತ್ತಾರೆ. ಅವಳಿಗೆ ಅಳು ಬರಬೇಕಿತ್ತು, ನಗು ಬಂತು.

ಆಗ ಬ್ಯಾಂಡಿನ ದೊಡ್ಡ ಡ್ರಮ್ಮಿನವರು, ಮೀಸೆ ಬೆಳ್ಳಗಾದ ಮನುಷ್ಯ, ಡ್ರಮ್ಮು ನೆಲಕ್ಕಿಳಿಸಿದರು. “ನನಗೂ ಯಾವತ್ತೂ ಕೇಳಿಸಿಲ್ಲ. ಡ್ರಮ್ಮು ಬಾರಿಸಿ ಬಾರಿಸಿ ಕಿವುಡಾಗಿದೀನಿ ಅಂತ ಒಳಗೊಳಗೇ ಹೆದರಿಕೊಂಡಿದ್ದೆ. ಹೆಂಡತಿಗೂ ಹೇಳಿರಲಿಲ್ಲ.”

“ನನಗೂ ಇಲ್ಲ” ಎಂದ ತಾಳದವನು. ಹಿಂದಿನಿಂದ ಇನ್ನೊಂದು ‘ನನಗೂ’ ಬಂತು. ಬರಬರುತ್ತಾ ಅಲ್ಲಿ ಕೇಳಿಸಿಕೊಂಡವರು ಯಜಮಾನರೊಬ್ಬರೇ ಉಳಿದರು. ಅವರ ಮುಖ ಸಪ್ಪಗಾಯಿತು. “ನಮ್ಮಪ್ಪನ ದನಿ...” ಎಂದು ಏನೋ ಹೇಳಹೋಗಿ ನಿಲ್ಲಿಸಿದರು. ವಿಚಾರಣೆಯಕ್ಕನಿಗೆ ಅವರ ಮೇಲೆ ಮೊದಲ ಸಲ ಕನಿಕರ ಹುಟ್ಟಿತು.

“ಸ್ಪರ್ಧೆ ಅಂತ ಕರೆದಿದ್ದೀರಿ, ಇಷ್ಟು ದೂರ ಹತ್ತಿಸಿದ್ದೀರಿ” ಎಂದು ಆ ಪ್ರವಾಸಿ ಹೆಂಗಸು ಈಗ ಸೊಂಟಕ್ಕೆ ಕೈ ಇಟ್ಟಳು. “ಏನು ಮಾಡೋಣ ನಾವು?”

“ಸುಮ್ಮನಿರೋ ಸ್ಪರ್ಧೆ ಮಾಡಿ” ಎಂದರು ಡ್ರಮ್ಮಿನವರು. “ಯಜಮಾನರನ್ನ ಸೋಲಿಸೋದು ಸುಲಭ.”

ತಮಾಷೆಗೆ ಆಡಿದ ಮಾತು. ಆದರೆ ಬೇರೆ ದಾರಿ ಇರಲಿಲ್ಲ. ಎಲ್ಲರೂ ಹುಲ್ಲಿನ ಮೇಲೆ ಕೂತರು. ಮಾತಾಡಿದವರು, ನಕ್ಕವರು ಎದ್ದು ಬಂಡೆಯ ಆಚೆ ಹೋಗಬೇಕೆಂದು ಕಟ್ಟಳೆಯಾಯಿತು. “ಎಲ್ಲರೂ ಸುಮ್ಮನಿದ್ದೀರಿ ತಾನೆ?” ಎಂದು ಕೇಳಿ ಯಜಮಾನರು ಮೊದಲು ಸೋತರು. ಆಮೇಲೆ ಒಬ್ಬೊಬ್ಬರೇ ಕೆಮ್ಮಿ, ಕಿಸಕ್ಕೆಂದು ನಕ್ಕು ಎದ್ದು ಹೋದರು. ಕೊನೆಗೆ ಉಳಿದವರು ಡ್ರಮ್ಮಿನವರು, ಆ ಪ್ರವಾಸಿ ಹೆಂಗಸು ಮತ್ತು ಬಿಗಿ ಜಡೆಯ ಹುಡುಗಿ. ಅಷ್ಟು ಹೊತ್ತಿಗೆ ಬಂಡೆಯಾಚೆ ಸೋತವರೂ ಮಾತು ನಿಲ್ಲಿಸಿ, ಹಳದಿ ಹೂಗಳು ಬಾಗುವುದನ್ನು ನೋಡುತ್ತಾ ಕೂತಿದ್ದರು. ಗೆದ್ದವರು ಯಾರೆಂದು ಹೇಳಲು ಯಾರಿಗೂ ಮನಸ್ಸಾಗಲಿಲ್ಲ, ಹೇಳಬೇಕಾದರೆ ಮಾತಾಡಬೇಕಿತ್ತು.

ಜೀಪಿನ ಹತ್ತಿರ ಯಜಮಾನರು ತೀರ್ಪು ಕೊಟ್ಟರು. “ಗೂಡು ಇನ್ನು ನನ್ನ ತಂಗಿ ಮಗಳಿಗೆ. ನೋಡದೇ ಇರೋದನ್ನ ನೋಡಿದ ಹಾಗೆ ಹೇಳೋರನ್ನ ಅಲ್ಲಿ ಕೂರಿಸೋಕಾಗಲ್ಲ.”

ವಿಚಾರಣೆಯಕ್ಕ ತಲೆಯಾಡಿಸಿದಳು. ಕೈ ಚಾಚಿ ಜೀಪಿನ ಬಾಗಿಲು ಹಿಡಿದುಕೊಂಡಳು. ತಲೆಸುತ್ತಿಗಲ್ಲ, ಅದರ ಗುರುತು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಆದರೆ ಜನಕ್ಕೆ ಇದು ಹಿಡಿಸಿದೆ” ಎಂದರು ಅವರು, ಒಲ್ಲದ ಮನಸ್ಸಿನಿಂದ. “ಈ ಬೇಸಿಗೆ ಭಾನುವಾರ ಭಾನುವಾರ ಅಲ್ಲಿ ಸುಮ್ಮನೆ ಕೂರೋ ಕಾರ್ಯಕ್ರಮ ಇಡೋಣ. ಬಂದೋರನ್ನ ನೋಡಿಕೊಳ್ಳೋಕೆ ಒಬ್ಬರು ಬೇಕು. ನೀವೇ ಇರಿ. ಕುರ್ಚಿ ಹಾಕಿಸ್ತೀನಿ.”

“ಎಲ್ಲಿ?”

“ಅಲ್ಲೇ. ಮೇಲೆ.”

ಹೀಗೆ ವಿಚಾರಣೆಯಕ್ಕನ ಕುರ್ಚಿ ಹೋಗಲಿಲ್ಲ, ಬೆಟ್ಟ ಹತ್ತಿತು. ವಾರದ ಮಿಕ್ಕ ದಿನಗಳಲ್ಲಿ ಅವಳು ಮನೆಯಲ್ಲಿದ್ದು ಬಡಗಿಯ ಗಿರಾಕಿಗಳಿಗೆ ನೀರು ಕೊಡುತ್ತಿದ್ದಳು. ಹಾಲಿನವನು ಅಭ್ಯಾಸಬಲದಿಂದ ಈಗಲೂ ಹಾಗೆಯೇ ಕರೆಯುತ್ತಿದ್ದ, ಅವಳು ತಿದ್ದಲಿಲ್ಲ. ಗಂಡ ಅಗಲವಾದ ಕೈಗಳಿರುವ ಕುರ್ಚಿಯೊಂದನ್ನು ಮಾಡಿ, ಬೆನ್ನಿಗೆ ಕಟ್ಟಿಕೊಂಡು ಹೋಗಿ, ಬಂಡೆಗೆ ಒರಗಿಸಿ, ಕಾಲುಗಳನ್ನು ನೆಲದಲ್ಲಿ ಹೂತು ಬಂದ.

ಮೊದಲ ಭಾನುವಾರ ಅವಳು ಅದರಲ್ಲಿ ಕೂತು, ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಹೆಜ್ಜೆ ಸಪ್ಪಳ ಹತ್ತಿರ ಬಂದು ನಿಂತಿತು.

“ಶ್... ಮಾತಾಡಿಸಬೇಡ” ಎಂದು ಒಬ್ಬ ಹೆಂಡತಿಗೆ ಪಿಸುಗುಟ್ಟಿದ. “ಧ್ಯಾನದಲ್ಲಿದ್ದಾರೆ.”

ವಿಚಾರಣೆಯಕ್ಕ ಒಂದು ಕಣ್ಣು ಮಾತ್ರ ತೆರೆದಳು. “ಧ್ಯಾನ ಏನಿಲ್ಲಪ್ಪ, ತಲೆಸುತ್ತು. ಈ ಕಡೆ ಕೂತ್ಕೊಳ್ಳಿ, ಆ ಕಡೆ ಇಳಿಜಾರು. ಹೂವು ಕೀಳಬೇಡಿ, ಇರೋದೇ ಅಷ್ಟು.”

ಅವರು ಕೂತರು. ಅವಳು ಮತ್ತೆ ಕಣ್ಣು ಮುಚ್ಚಿದಳು. ಗಾಳಿ ಹುಲ್ಲಿನೊಳಗಿಂದ ಹಾದು ನೀರಿನ ಕಡೆ ಹೋಯಿತು.